ಹಡಗು ಹತ್ತಿಸುವವರು

ಸಾಂಟಾ ಕ್ಲಾರಾ
9 ಮಾರ್ಚ್ 2024

ಸ್ನೇಹಲತಾ,

ಫೋನಿನಲ್ಲಿ ನನ್ನನ್ನು ಬ್ಲಾಕ್ ಮಾಡಿದ್ದೀಯ. ಈಮೇಲು ತೆರೆಯದೆ ಅಳಿಸುತ್ತೀಯ ಎಂದು ನಿನ್ನ ಗಂಡ ಶಿವಪ್ರಸಾದನೇ ಹೇಳಿದ. ಅಂಚೆಯವನನ್ನು ಬ್ಲಾಕ್ ಮಾಡುವ ಗುಂಡಿ ಇನ್ನೂ ಬಂದಿಲ್ಲ, ಅದಕ್ಕೆ ಕಾಗದ. ಹರಿಯುವುದಾದರೆ ಓದಿ ಹರಿ.

ನೇರವಾಗಿ ಹೇಳುತ್ತೇನೆ. ನಿಮ್ಮ ಮನೆಯ ಕಳ್ಳತನಕ್ಕೆ ಸಾಗರ್‌ಗೆ ಕೊಟ್ಟ ಏಳು ವರ್ಷದ ಶಿಕ್ಷೆ ಸೆಪ್ಟೆಂಬರಿನಲ್ಲಿ ಮುಗಿಯುತ್ತದೆ. ಆದರೆ ಅವನು ಹೊರಗೆ ಬರುವುದಿಲ್ಲ. ಜೈಲಿನ ಬಾಗಿಲಿನಿಂದಲೇ ವಲಸೆ ಇಲಾಖೆಯವರು ಕರೆದೊಯ್ದು, ವಿಮಾನ ಹತ್ತಿಸಿ, ಬೆಂಗಳೂರಿಗೆ ಸಾಗಹಾಕುತ್ತಾರೆ. ಮೂರು ವರ್ಷದ ಮಗುವಾಗಿ ಇಲ್ಲಿಗೆ ಬಂದವನು. ಗ್ರೀನ್ ಕಾರ್ಡಿನ ಸರತಿಯಲ್ಲಿ ನಿಂತು ನಿಂತು ಅಪ್ಪ ಅಮ್ಮ ನಾಗರಿಕರಾಗುವ ಹೊತ್ತಿಗೆ ಇವನಿಗೆ ಹದಿನೆಂಟು ದಾಟಿತ್ತು. ಅವರು ಈ ದೇಶದವರಾದರು, ಇವನು ಆಗಲಿಲ್ಲ. ಈಗ ಅವರು ಯಾರಿಗೂ ಮುಖ ತೋರಿಸಲಾರದೆ ಟೆಕ್ಸಾಸಿಗೆ ಹೋಗಿಬಿಟ್ಟಿದ್ದಾರೆ.

ತಡೆಯಲು ಉಳಿದಿರುವುದು ಗವರ್ನರರ ಕ್ಷಮಾದಾನವೊಂದೇ. ಕಳುವಾದ ಮನೆಯವರು ಬರೆದರೆ ಅರ್ಜಿಗೆ ಜೀವ ಬರುತ್ತದೆ ಎನ್ನುತ್ತಾರೆ ಲಾಯರು. ನೀನು ಬರೆಯಬೇಕು.

ಬುಧವಾರಗಳಲ್ಲಿ ಟ್ರೈನು ಹಿಡಿದು ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗಿ ಹಳೆಯ ದಾಖಲೆಗಳನ್ನು ಕೆದಕುವ ಹುಚ್ಚು ನನಗಿರುವುದು ನಿನಗೆ ಗೊತ್ತು. ಅಲ್ಲಿ ಸಿಕ್ಕವನು ಸ್ಯಾಮ್ಯುಯೆಲ್ ಥಾರ್ಪ್. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಊರಿನವನು, ಲೇಸು ನೇಯುವ ಮಗ್ಗದ ಹುಡುಗ. ಹ್ಯಾನಾ ಕ್ರೌಡರ್ ಎಂಬ ವಿಧವೆಯ ಅಂಗಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ, ಅವಳ ಮೇಜಿನಲ್ಲೇ ಉಣ್ಣುತ್ತಿದ್ದ. ಹತ್ತೊಂಬತ್ತನೆಯ ವಯಸ್ಸಿನಲ್ಲಿ, 1833ರಲ್ಲಿ, ಅವಳ ಹಿತ್ತಿಲ ಕಿಟಕಿಯ ಚಿಲಕ ಸಡಿಲವೆಂದು ಗೆಳೆಯರಿಗೆ ಹೇಳಿದ. ಲೇಸಿನ ಸುರುಳಿಗಳು ಹೋದವು. ಇವನಿಗೆ ಹದಿನಾಲ್ಕು ವರ್ಷ ಸಮುದ್ರದಾಚೆಯ ಶಿಕ್ಷೆ. ಈಗ ಟಾಸ್ಮೇನಿಯಾ ಎನ್ನುತ್ತಾರಲ್ಲ, ಆ ದ್ವೀಪಕ್ಕೆ.

ಆ ಕಾಲದ ಒಂದು ಪದ್ಧತಿ ಕೇಳು. ಕೇಸು ನಡೆಸುತ್ತಿದ್ದದ್ದು ಸರ್ಕಾರವಲ್ಲ, ಕಳಕೊಂಡವರು. ಶಿಕ್ಷೆಯಾದ ಮೇಲೆ ದಯೆಯ ಅರ್ಜಿಗೆ ಅದೇ ಕಳಕೊಂಡವರು ಸಹಿ ಹಾಕಿದರೆ ದೊರೆಗಳು ಕಿವಿಗೊಡುತ್ತಿದ್ದರು. ಹ್ಯಾನಾ ಕೈಯಲ್ಲಿ ಎರಡೂ ಇದ್ದವು.

ಇವನ ಬದುಕನ್ನು ದೊಡ್ಡ ಅಕ್ಷರದ ಕನ್ನಡದಲ್ಲಿ ಬರೆದು ಸಾಗರ್‌ಗೆ ಓದುವ ಪಾಠವಾಗಿ ಕಳಿಸುತ್ತಿದ್ದೇನೆ. ಬೆಂಗಳೂರಿಗೇ ತಳ್ಳುವುದಾದರೆ ಬಸ್ಸಿನ ಬೋರ್ಡಾದರೂ ಓದಿಕೊಳ್ಳಲಿ. ನಿನಗೂ ಒಂದು ಪ್ರತಿ ಈ ಲಕೋಟೆಯಲ್ಲೇ ಇಟ್ಟಿದ್ದೇನೆ.

ಮರಿತಾಯಮ್ಮ


ಕ್ಯಾಂಪ್‌ಬೆಲ್
20 ಮಾರ್ಚ್

ಮರಿತಾಯಮ್ಮನವರಿಗೆ,

ಓದಿದೆ. ಹರಿಯಲು ಹೋದಾಗ ಅತ್ತೆ ನೋಡುತ್ತಿದ್ದರು, ಡ್ರಾಯರಿಗೆ ಹಾಕಿದೆ.

ಕೋರ್ಟಿನಲ್ಲಿ ನೀವು ಎದ್ದು ನಿಂತು, ‘ನನ್ನ ಭಾನುವಾರದ ಕನ್ನಡ ಕ್ಲಾಸಿನ ಹುಡುಗ, ಒಳ್ಳೆಯವನು’ ಅಂದಿರಿ. ನಾನು ನಿಮ್ಮ ಹಿಂದೆಯೇ ಕೂತಿದ್ದೆ. ಅತ್ತೆಯ ಸೊಂಟಕ್ಕೆ ಆಗ ತಾನೇ ಎರಡನೇ ಆಪರೇಷನ್ನು ಆಗಿತ್ತು. ನೀವು ಒಮ್ಮೆ ತಿರುಗಿ ನೋಡಿದ್ದರೂ ಸಾಕಿತ್ತು.

ನಿಮ್ಮ ನೆನಪು ಇನ್ನೂರು ವರ್ಷದ ಹಿಂದಿನದಕ್ಕೆ ಚೆನ್ನಾಗಿದೆ, ಏಳು ವರ್ಷದ ಹಿಂದಿನದಕ್ಕೆ ಅಷ್ಟಿಲ್ಲ. ಅದಕ್ಕೆ ಹೇಳುತ್ತೇನೆ. ನಮ್ಮ ಮನೆಯ ವರಮಹಾಲಕ್ಷ್ಮಿಗೆ ಸೀರೆಯ ನೆರಿಗೆ ಹಿಡಿದು ಪಿನ್ನು ಚುಚ್ಚುತ್ತಿದ್ದವನು ಅವನೇ. ಗಂಡುಮಗುವಿಗೆ ಇದೆಂಥ ಕೆಲಸ ಎಂದು ಯಾರೋ ಅಂದರೆ ಅತ್ತೆ ಅವರನ್ನೇ ಗದರುತ್ತಿದ್ದರು. ಹಬ್ಬ ಮುಗಿದ ಮೇಲೆ ಒಡವೆಗಳನ್ನು ಬ್ಯಾಂಕಿಗೆ ಕಳಿಸಲು ಅವರು ಒಪ್ಪುತ್ತಿರಲಿಲ್ಲ. ಲಕ್ಷ್ಮಿ ಧಾನ್ಯದಲ್ಲಿರಬೇಕು ಎನ್ನುವವರು. ಗರಾಜಿನ ಅಕ್ಕಿ ಡ್ರಮ್ಮಿನೊಳಗೆ, ಬಟ್ಟೆಯ ಗಂಟಿನಲ್ಲಿ. ಗಂಟನ್ನು ಅಕ್ಕಿಯೊಳಗೆ ಆಳಕ್ಕೆ ಒತ್ತಲು ಮೊಣಕೈವರೆಗೆ ಕೈ ಇಳಿಸಿ ನಗುತ್ತಿದ್ದವನೂ ಅವನೇ.

ಆ ದಿನ ಬಂದವರು ಬೆಡ್‌ರೂಮಿಗೆ ಹೋಗಲಿಲ್ಲ, ಬೀರು ಮುಟ್ಟಲಿಲ್ಲ. ನೆಟ್ಟಗೆ ಗರಾಜಿಗೆ ಹೋಗಿ ಡ್ರಮ್ಮು ಮಗುಚಿದರು. ಅಡ್ಡ ಬಂದ ಅತ್ತೆಯನ್ನು ತಳ್ಳಿ ಬಾಯಿಗೆ ಟೇಪು ಸುತ್ತಿದರು. ನಾನು ಆಫೀಸಿನಿಂದ ಬಂದಾಗ ಅವರು ಆ ಅಕ್ಕಿಯ ಮೇಲೇ ಬಿದ್ದಿದ್ದರು.

ಸಾಗರ್ ಒಳಗೆ ಬರಲಿಲ್ಲವಂತೆ, ಕಾರಿನಲ್ಲಿ ಕೂತಿದ್ದನಂತೆ. ಬರುವ ಅಗತ್ಯವೇನಿತ್ತು? ಒಂಬತ್ತು ವರ್ಷದವನಿದ್ದಾಗಲೇ ಅವನು ಒಳಗೆ ಬಂದಾಗಿತ್ತು.

ನೀವು ಪುಸ್ತಕದೊಳಗಿನ ಕಳ್ಳರನ್ನು ಪ್ರೀತಿಸುತ್ತೀರಿ ಮೇಡಂ. ಅವರು ಯಾರ ಬಾಯಿಗೂ ಟೇಪು ಸುತ್ತುವುದಿಲ್ಲ.

ನಾನು ಬರೆಯುವುದಿಲ್ಲ.

ಸ್ನೇಹಲತಾ


ಸಾಂಟಾ ಕ್ಲಾರಾ
14 ಏಪ್ರಿಲ್

ಸ್ನೇಹಲತಾ,

ನೀನು ಬರೆದದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೂ ನಿನ್ನನ್ನು ಕೇಳುವುದನ್ನು ಬಿಡುವುದಿಲ್ಲ. ಬೈದುಕೋ.

ಹೋದ ಶನಿವಾರ ಲಾಸ್ ಆಲ್ಟೋಸಿಗೆ, ನಮ್ಮ ಕನ್ನಡ ಸಂಘದ ಅಧ್ಯಕ್ಷ ಗುರುದತ್ತನ ಮನೆಗೆ ಹೋಗಿದ್ದೆ. ಸಂಘದ ಪರವಾಗಿ ನಾಲ್ಕು ಸಾಲು ಕೊಡಪ್ಪ ಎಂದು ಕೇಳಿದೆ.

“ಅಮ್ಮಾ, ನಮ್ಮದು ಮಾಡೆಲ್ ಕಮ್ಯುನಿಟಿ. ಇಂಥದ್ದಕ್ಕೆಲ್ಲ ಲೆಟರ್‌ಹೆಡ್ ಕೊಟ್ರೆ ಇಮೇಜು ಏನಾಗುತ್ತೆ?”

“ರಾಜ್ಯೋತ್ಸವದಲ್ಲಿ ಆ ಹುಡುಗ ಬಾವುಟ ಹಿಡಿದ ಫೋಟೊ ನಿಮ್ಮ ವೆಬ್‌ಸೈಟಿನಲ್ಲಿತ್ತಲ್ಲಪ್ಪ.”

“ಅದು ಆಗ.”

“ಆಗ ನಿಮ್ಮವನು. ಈಗ ಯಾರವನು?”

ಅವನು ಹೆಂಡತಿಯ ಮುಖ ನೋಡಿದ. “ಆಂಟಿ, ಕಾಫಿ ಆರ್ತಿದೆ,” ಎಂದಳು ಅವಳು. ಕುಡಿಯದೆ ಎದ್ದು ಬಂದೆ. ಕಳ್ಳತನಕ್ಕೆ ಶಿಕ್ಷೆ ಆಗಬೇಕು, ಆಗಿದೆ. ಈ ಎರಡನೆಯದು ಯಾವುದಕ್ಕೆ? ಇದೇ ಕೆಲಸ ಮಾಡಿದ ಬಿಳಿಯ ಹುಡುಗ, ಅದೇ ಕಾರಿನಲ್ಲಿ ಅವನ ಪಕ್ಕ ಕೂತಿದ್ದವನು, ಹೋದ ವರ್ಷವೇ ಬಿಡುಗಡೆಯಾಗಿ ಅಮ್ಮನ ಮನೆಗೆ ಹೋದ. ಅವನನ್ನು ಯಾರೂ ಯಾವ ದೇಶಕ್ಕೂ ಕಳಿಸಲಿಲ್ಲ.

ಥಾರ್ಪ್‌ನ ಕಥೆಯ ಎರಡನೆಯ ಭಾಗ ಜೊತೆಗಿದೆ. ಹಾಯಿಕಂಬ ಕಡಿದ ಮುದಿ ಯುದ್ಧನೌಕೆಯೊಂದನ್ನು ನದಿಯಲ್ಲಿ ಕಟ್ಟಿಹಾಕಿ ಜೈಲು ಮಾಡಿದ್ದರು. ಏಳು ತಿಂಗಳು ಅಲ್ಲಿ. ಹಗಲು ಹಡಗುಕಟ್ಟೆಯ ಕೆಸರು ಎತ್ತುವುದು, ಕತ್ತಲಾದರೆ ಕಾಲಿಗೆ ಕಬ್ಬಿಣ. ಅವನ ತಾಯಿ ಅರ್ಜಿ ಬರೆಸಿಕೊಂಡು ಹ್ಯಾನಾ ಕ್ರೌಡರಳ ಬಾಗಿಲಿಗೆ ಭಾನುವಾರ ಭಾನುವಾರ ಹೋದಳು. ಪಾದ್ರಿ ಸಹಿ ಹಾಕಿದ್ದ, ಮಗ್ಗದ ಯಜಮಾನ ಹಾಕಿದ್ದ. ಹ್ಯಾನಾ ಬಾಗಿಲು ತೆಗೆಯಲಿಲ್ಲ. ವಸಂತದಲ್ಲಿ ನಿಜವಾದ ಹಡಗು ಬಂತು. ನಾಲ್ಕು ತಿಂಗಳ ಪಯಣ. ದಾರಿಯಲ್ಲಿ ಸತ್ತವರನ್ನು ಹಾಯಿಬಟ್ಟೆಯಲ್ಲಿ ಹೊಲಿದು ನೀರಿಗೆ ಬಿಟ್ಟರು. ಇವನು ಸಾಯಲಿಲ್ಲ.

ನಿಮ್ಮ ಬಾಗಿಲನ್ನೂ ನಾನು ಹೀಗೇ ತಟ್ಟುತ್ತಿರುತ್ತೇನೆ.

ಮರಿತಾಯಮ್ಮ


ಕ್ಯಾಂಪ್‌ಬೆಲ್
26 ಮೇ

ಮರಿತಾಯಮ್ಮನವರಿಗೆ,

ಉತ್ತರ ಬರೆಯುವ ಉದ್ದೇಶ ನನಗಿರಲಿಲ್ಲ. ಇದು ಅತ್ತೆಯ ಕಾಟ.

ನಾನು ಮೀಟಿಂಗಿನಲ್ಲಿದ್ದಾಗ ಅವರು ಡ್ರಾಯರು ತೆಗೆದಿದ್ದಾರೆ. ನೀವು ನನಗೆ ಬರೆದ ಕಾಗದಗಳನ್ನು ಓದಲಿಲ್ಲವಂತೆ, ಅಕ್ಷರ ಸಣ್ಣದಂತೆ. ಆದರೆ ನೀವು ಆ ಹುಡುಗನಿಗಾಗಿ ದೊಡ್ಡದಾಗಿ ಬರೆದ ಹಾಳೆಗಳನ್ನು ಕನ್ನಡಕ ಇಲ್ಲದೆ ಓದಿಬಿಟ್ಟಿದ್ದಾರೆ. ಈ ದೇಶಕ್ಕೆ ಬಂದ ಮೇಲೆ ಅವರಿಗೆ ಓದಲು ಇಷ್ಟು ದಪ್ಪ ಅಕ್ಷರ ಸಿಕ್ಕಿರಲಿಲ್ಲ. ಸ್ಯಾಮ್ಯುಯೆಲ್ ಅನ್ನಲು ನಾಲಿಗೆ ತಿರುಗದೆ ಅವನನ್ನು ಸಾಮಯ್ಯ ಮಾಡಿಕೊಂಡಿದ್ದಾರೆ.

“ಆ ಸಾಮಯ್ಯನ್ನ ಹಡಗಿಂದ ಇಳಿಸಿದ್ರಾ ಇಲ್ವಾ?” ಬೆಳಿಗ್ಗೆ ರೊಟ್ಟಿ ತಟ್ಟುತ್ತಾ ಕೇಳಿದರು.

“ಇಳಿಸಿರಬೇಕು ಅತ್ತೆ.”

“ಇಳಿಸಿರಬೇಕು ಅಂದ್ರೆ? ನಿನಗೂ ಗೊತ್ತಿಲ್ವಾ? ಆ ಮೇಷ್ಟ್ರಮ್ಮ ಅರ್ಧಕ್ಕೇ ಬಿಟ್ಟವಳೆ. ಕೇಳು.”

ಇದು ಯಾರಿಗಾಗಿ ಬರೆದದ್ದು ಎಂದು ನಾನು ಹೇಳಿಲ್ಲ. ಮುಂದಿನ ಭಾಗ ಇದ್ದರೆ ಕಳಿಸಿ. ಅತ್ತೆಗಾಗಿ ಮಾತ್ರ.

ಸ್ನೇಹಲತಾ


ಸಾಂಟಾ ಕ್ಲಾರಾ
15 ಜೂನ್

ಸ್ನೇಹಲತಾ,

ನಿನ್ನ ಅತ್ತೆ ಭದ್ರಮ್ಮನವರಿಗೆ ಹೇಳು, ಇಳಿಸಿದರು. ಹೋಬಾರ್ಟ್ ಬಂದರಿನಲ್ಲಿ ಇಳಿಸಿ, ಸಾಲಾಗಿ ನಿಲ್ಲಿಸಿ, ಎತ್ತರ, ಕಣ್ಣಿನ ಬಣ್ಣ, ಮೈಮೇಲಿನ ಮಚ್ಚೆ ಬರೆದುಕೊಂಡರು. ಕುರಿ ಸಾಕುವ ಜಮೀನ್ದಾರನೊಬ್ಬ ಬಂದು ಇವನನ್ನು ಆರಿಸಿಕೊಂಡ. ಸಂಬಳವಿಲ್ಲದ ಆಳು. ಎದುರು ಮಾತಾಡಿದನೆಂದು ಒಮ್ಮೆ ಐವತ್ತು ಚಾಟಿಯೇಟು. ಆಮೇಲೆ ಸಂಕೋಲೆ ಹಾಕಿಸಿಕೊಂಡು ರಸ್ತೆಗೆ ಕಲ್ಲು ಒಡೆದ. ಅಲ್ಲೇ ಒಬ್ಬ ಮುದಿ ಕೈದಿಯಿಂದ ಬಡಗಿ ಕೆಲಸ ಕಲಿತ. 1847ರಲ್ಲಿ ಹದಿನಾಲ್ಕು ವರ್ಷ ತುಂಬಿತು. “ನೀನಿನ್ನು ಸ್ವತಂತ್ರ,” ಅಂದರು. ಊರಿಗೆ ಹೋಗಲು ಹಡಗಿನ ಖರ್ಚು ಕೊಡಲಿಲ್ಲ. ಕಳಿಸುವಾಗ ಮಾತ್ರ ಸರ್ಕಾರದ ಖರ್ಚು.

ಎರಡು ವರ್ಷಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿದ ಸುದ್ದಿ ಅಲ್ಲಿಗೂ ಮುಟ್ಟಿತು. ಸಾಮಯ್ಯ ನಮ್ಮ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದಿಳಿದ. ಚಿನ್ನ ಅಗೆಯಲಿಲ್ಲ. ಅಂಗಡಿಗಳಿಗೆ ಬಾಗಿಲು ಕೂರಿಸಿದ, ಕಪಾಟು ಮಾಡಿದ. ಬಟ್ಟೆ ಒಗೆಯುವ ಎಲೆನ್ ಎಂಬ ಐರಿಷ್ ಹೆಂಗಸನ್ನು ಮದುವೆಯಾಗಿ ಗುಡ್ಡದ ಬುಡದಲ್ಲಿ ಮನೆ ಕಟ್ಟಿದ. 1851ರಲ್ಲಿ ಊರಿಗೆ ಬೆಂಕಿ ಬಿತ್ತು. ವ್ಯಾಪಾರಿಗಳು ಸೇರಿ ತಾವೇ ಒಂದು ಸಮಿತಿ ಮಾಡಿಕೊಂಡರು. ಆಸ್ಟ್ರೇಲಿಯಾ ಕಡೆಯಿಂದ ಬಂದವರೆಲ್ಲ ಕಳ್ಳರು, ಬೆಂಕಿ ಇಟ್ಟದ್ದು ಅವರೇ ಎಂದರು. ಕೋರ್ಟಿಲ್ಲ, ಕಚೇರಿಯಿಲ್ಲ. ಕೆಲವರನ್ನು ನೇಣಿಗೆ ಹಾಕಿದರು, ಹಲವರನ್ನು ಹಡಗಿಗೆ ಹಾಕಿದರು. ಸಾಮಯ್ಯನನ್ನು ಹಿಡಿದು ಅಂಗಿ ಎತ್ತಿದರು. ಬೆನ್ನಿನ ಮೇಲೆ ಹಳೆಯ ಚಾಟಿಯ ಗುರುತಿತ್ತು. ಅವರಿಗೆ ಬೇಕಾದ ಸಾಕ್ಷಿ ಅಷ್ಟೇ. ಒಮ್ಮೆ ಹೊಡೆಸಿಕೊಂಡದ್ದೇ ಎರಡನೆಯ ಸಲದ ಅಪರಾಧವಾಯಿತು. ಮರುವಾರ ಅವನನ್ನು ಸಿಡ್ನಿಯ ಹಡಗು ಹತ್ತಿಸಿದರು.

ಇದನ್ನು ಓದಿ ಮುಗಿಸಿ ಸಾಗರ್ ಫೋನು ಮಾಡಿದ್ದ. ಓದಲು ಒಂಬತ್ತು ದಿನ ಹಿಡಿಯಿತಂತೆ. “ಆಂಟಿ, ಅಟ್ ಲೀಸ್ಟ್ ಅವ್ನಿಗೆ ಸಿಡ್ನಿ ಗೊತ್ತಿತ್ತು. ನನ್ ತಲೇಲಿ ಬೆಂಗಳೂರಿಂದು ಒಂದ್ ಪಿಕ್ಚರೂ ಇಲ್ಲ,” ಅಂದ.

ಅರ್ಜಿಯ ಕಾಗದಗಳೆಲ್ಲ ಆಗಸ್ಟ್ ಕೊನೆಯೊಳಗೆ ಹೋಗಬೇಕು.

ಮರಿತಾಯಮ್ಮ


ಕ್ಯಾಂಪ್‌ಬೆಲ್
7 ಜುಲೈ

ಮರಿತಾಯಮ್ಮನವರಿಗೆ,

ಅತ್ತೆ ಕೇಳುತ್ತಿದ್ದಾರೆ, ಎಲೆನ್ ಏನಾದಳು? ಗಂಡನನ್ನು ಹಡಗು ಹತ್ತಿಸಿದಿರಿ, ಕಥೆ ನಿಲ್ಲಿಸಿದಿರಿ. ಕಟ್ಟಿದ ಮನೆಯಲ್ಲಿ ಅವಳೊಬ್ಬಳೇ ಉಳಿದಳೇ?

ನನ್ನ ಪ್ರಶ್ನೆ ಹ್ಯಾನಾ ಬಗ್ಗೆ. ಮೂರು ಭಾಗದ ಕಥೆಯಲ್ಲಿ ಅವಳಿಗೆ ನೀವು ಕೊಟ್ಟದ್ದು ಎರಡು ಕೆಲಸ: ಕಳಕೊಳ್ಳುವುದು, ಬಾಗಿಲು ತೆಗೆಯದಿರುವುದು. ಬಾಗಿಲ ಹಿಂದೆ ಅವಳು ಏನು ಮಾಡುತ್ತಿದ್ದಳು? ಊಟಕ್ಕಿಟ್ಟವನೇ ಕಿಟಕಿ ತೋರಿಸಿದ ಮೇಲೆ ಆ ಮೇಲಿನ ಕೋಣೆಗೆ ಇನ್ನೊಬ್ಬ ಬಾಡಿಗೆಯವನನ್ನು ಇಟ್ಟಳೇ? ನಮ್ಮ ಅತ್ತೆ ಈಗಲೂ ಹಿಂದಿನ ಗಾಜಿನ ಬಾಗಿಲಿನ ತಡೆಗೋಲನ್ನು ಕೂತ ಕಡೆಯಿಂದ ಎದ್ದೆದ್ದು ಹೋಗಿ ಮುಟ್ಟಿ ನೋಡುತ್ತಾರೆ. ನನ್ನ ಮಗಳು ಅಕ್ಷಯಾ ಗೆಳತಿಯರನ್ನು ಮನೆಗೆ ಕರೆಯುವುದನ್ನೇ ಬಿಟ್ಟಳು. “ಅಜ್ಜಿ ಸ್ಟೇರ್ಸ್ ಅಟ್ ದೆಮ್,” ಅಂತಾಳೆ. ನಿಮ್ಮ ದಾಖಲೆಗಳಲ್ಲಿ ಇದನ್ನೆಲ್ಲ ಯಾರೂ ಬರೆದಿಡುವುದಿಲ್ಲ, ಅಲ್ಲವೇ?

ನಿನ್ನೆ ಇನ್ನೊಂದು ನಡೆಯಿತು. ಅವರೆಕಾಳು ಬಿಡಿಸುತ್ತಾ ಅತ್ತೆ ತಲೆ ಎತ್ತದೆ ಅಂದರು: “ಇದು ಆ ಸಾಗರನ ಕಥೆ ತಾನೆ? ನನಗೆ ಬುದ್ಧಿ ಇಲ್ಲ ಅಂದ್ಕೊಂಡಿದ್ದೀಯಾ?”

ನಾನೂ ಒಂದು ಹಿಡಿ ಕಾಯಿ ತೆಗೆದುಕೊಂಡು ಬಿಡಿಸತೊಡಗಿದೆ.

“ಅವನನ್ನ ಎಲ್ಲಿಗೆ ಹಾಕ್ತಾರೆ?”

“ಬೆಂಗಳೂರಿಗೆ.”

“ಅಲ್ಲಿ ಯಾರವ್ರೆ ಅವನಿಗೆ?”

“ಯಾರೂ ಇಲ್ಲ.”

ಅವರು ಉಳಿದ ಕಾಳನ್ನೆಲ್ಲ ಬಿಡಿಸಿ ಮುಗಿಸಿದರು. ಆಮೇಲೆ ಅಂದರು, “ಅವನ ಕೈ ಮುರೀಲಿ ಅಂತ ದಿನಾ ದೇವರಿಗೆ ಹೇಳ್ತೀನಿ ಕಣೆ. ಇವತ್ತೂ ಹೇಳ್ದೆ.” ಎದ್ದು ಬಾಗಿಲಿನ ತಡೆಗೋಲು ನೋಡಲು ಹೋದರು.

ನನಗೆ ನಿದ್ದೆ ಕೆಟ್ಟಿದೆ. ಇದಕ್ಕೆ ನೀವೇ ಕಾರಣ.

ಸ್ನೇಹಲತಾ


ಸಾಂಟಾ ಕ್ಲಾರಾ
3 ಆಗಸ್ಟ್

ಸ್ನೇಹಲತಾ,

ನಿನ್ನ ಕಾಗದ ಓದಿ ನಾಲ್ಕು ಬುಧವಾರ ಆ ಇಬ್ಬರು ಹೆಂಗಸರನ್ನೇ ಹುಡುಕಿದೆ. ಇಂಗ್ಲೆಂಡಿನ ದಾಖಲೆಯವರಿಗೂ ಬರೆದು ಕೇಳಿದೆ. ಎಲೆನ್ ಎಲ್ಲಿಯೂ ಇಲ್ಲ. ಹ್ಯಾನಾ ಮಾತ್ರ ಒಂದು ಸಾಲಿನಷ್ಟು ಸಿಕ್ಕಳು. ಕೇಸಿನ ಮರುವರ್ಷ ಅಂಗಡಿ ಬೇರೆಯವರ ಹೆಸರಿಗೆ ಹೋಗಿದೆ. ಯಾಕೆ, ಆಮೇಲೆ ಅವಳು ಎಲ್ಲಿಗೆ ಹೋದಳು, ಗೊತ್ತಿಲ್ಲ. ಬಾಗಿಲ ಹಿಂದೆ ಅವಳೇನು ಮಾಡುತ್ತಿದ್ದಳೋ ಅದೂ ಗೊತ್ತಿಲ್ಲ. ಊಹಿಸಿ ಬರೆಯಬಹುದಿತ್ತು, ನಾಲ್ಕು ಸಲ ಬರೆದೆ. ಓದಿದರೆ ನನಗೆ ಬೇಕಾದ ಹ್ಯಾನಾ ಆಗಿದ್ದಳು. ಕಸಕ್ಕೆ ಹಾಕಿದೆ.

ಸಾಮಯ್ಯನೂ ಆ ಹಡಗಿನ ಆಚೆಗೆ ನನಗೆ ಸಿಗುತ್ತಿಲ್ಲ. ಭದ್ರಮ್ಮನವರಿಗೆ ಹಾಗೆಯೇ ಹೇಳು.

ನಿನ್ನನ್ನು ಇನ್ನು ಕೇಳುವುದಿಲ್ಲ. ಗವರ್ನರರಿಗೆ, ಪತ್ರಿಕೆಗಳಿಗೆ, ಈ ಜಿಲ್ಲೆಯ ಪ್ರತಿನಿಧಿಗೆ ನಾನು ಬರೆಯುತ್ತಲೇ ಇರುತ್ತೇನೆ. ಅದು ನನ್ನ ಕೆಲಸ. ಇದು ನಿನ್ನ ಮನೆ.

ಮರಿತಾಯಮ್ಮ


ಕ್ಯಾಂಪ್‌ಬೆಲ್
25 ಆಗಸ್ಟ್

ಮರಿತಾಯಮ್ಮನವರಿಗೆ,

ಶುಕ್ರವಾರ ಲಾಯರಿಗೆ ಕಾಗದ ಕಳಿಸಿದೆ. ಅವರಿಂದ ನಿಮಗೆ ತಿಳಿಯುವ ಮೊದಲು ನಾನೇ ಹೇಳಬೇಕೆನಿಸಿತು. ಏನು ಬರೆದೆ, ಏನು ಬರೆಯಲಿಲ್ಲ ಎರಡೂ.

ಶಿವಪ್ರಸಾದ್ ಸಹಿ ಹಾಕಲಿಲ್ಲ. “ಎಮೋಷನಲ್ ಆಗಬೇಡ. ನಾಳೆ ಅವನು ಮತ್ತೆ ಯಾರದಾದರೂ ಮನೆಗೆ ನುಗ್ಗಿದರೆ ನಿನ್ನ ಹೆಸರು ಬರುತ್ತೆ,” ಅಂದರು. ಬರಬಹುದು ಎಂದೆ. ಅವರು ಟೀವಿ ಹಾಕಿಕೊಂಡರು. ನಾವಿಬ್ಬರೂ ಮೂರು ದಿನದಿಂದ ಮಾತಾಡಿಲ್ಲ.

ಅತ್ತೆ ಸಹಿ ಹಾಕಿದರು. ನಾನು ಇಂಗ್ಲಿಷಿನಲ್ಲಿ ಬರೆದದ್ದನ್ನು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿಸಿಕೊಂಡರು. “ಮುರಿಯೋದಿದ್ರೆ ಅವನ ಕೈ ಇಲ್ಲೇ ಮುರೀಲಿ. ಕಣ್ಣಿಗೆ ಕಾಣದ ಕಡೆ ಎಸೆದುಬಂದು ಎಲ್ಲ ಸರಿಹೋಯ್ತು ಅಂತ ನನಗೆ ಹೇಳಬೇಡಿ,” ಅಂದರು. ಕನ್ನಡದಲ್ಲಿ ಹೆಸರು ಬರೆದರು. ಭ ಅಕ್ಷರದ ಬಾಲ ಕೆಳಗಿನ ಸಾಲನ್ನು ಮುಟ್ಟಿದೆ.

ನಾನು ಬರೆದದ್ದು ಇಷ್ಟು. ಈ ಹುಡುಗ ನಮ್ಮ ಮನೆಯಲ್ಲಿ ಉಂಡು ನಮ್ಮ ಮನೆಯನ್ನೇ ತೋರಿಸಿಕೊಟ್ಟ. ಅದರಿಂದ ಮುರಿದ ಮೂಳೆ ಕೂಡಿತು, ಮುರಿದ ಬೇರೆ ಕೆಲವು ಕೂಡಲಿಲ್ಲ. ಅವನಿಗೆ ಶಿಕ್ಷೆ ಬೇಕಿತ್ತು, ನಾವೇ ಸಾಕ್ಷಿ ಹೇಳಿ ಕೊಡಿಸಿದೆವು. ಆದರೆ ಅವನು ಕಳ್ಳತನವನ್ನು ಬೆಂಗಳೂರಿನಿಂದ ತರಲಿಲ್ಲ. ಬರುವಾಗ ಅವನಿಗೆ ಚಡ್ಡಿಯ ಗುಂಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಅವನ ಶಾಲೆ ಇಲ್ಲಿಯದು, ಕಾರು ಇಲ್ಲಿಯದು, ಜೊತೆಯವರು ಇಲ್ಲಿಯವರು, ನಮ್ಮ ಮನೆಯೂ ಇಲ್ಲಿಯದೇ. ಒಳ್ಳೆಯವನಾದರೆ ನಿಮ್ಮ ಟ್ಯಾಕ್ಸು ಕಟ್ಟುವವನು, ಕೆಟ್ಟವನಾದರೆ ನಮ್ಮ ದೇಶದವನೇ? ನಾವು ಬಿಟ್ಟುಬಂದ ಊರು ಕಸ ಹಾಕುವ ಹಿತ್ತಲಲ್ಲ. ಇಲ್ಲಿ ಆದವನನ್ನು ಇಲ್ಲಿಯೇ ಇಟ್ಟುಕೊಳ್ಳಿ.

ಲಾಯರು ಸಂಜೆಯೇ ಫೋನು ಮಾಡಿದರು. ಬಹಳ ಚೆನ್ನಾಗಿದೆ, ಕೊನೆಗೆ ‘ನಾನು ಅವನನ್ನು ಕ್ಷಮಿಸಿದ್ದೇನೆ’ ಎಂಬ ಒಂದು ಸಾಲು ಸೇರಿಸಿದರೆ ಬಲ ಬರುತ್ತದೆ ಎಂದರು. ಇಲ್ಲದ್ದನ್ನು ಬರೆಯುವುದಿಲ್ಲ ಎಂದೆ. ಹಾಗಿದ್ದರೆ ಕೆಲಸ ಆಗದೆಯೂ ಇರಬಹುದು ಎಂದರು. ಆಗದಿರಬಹುದು ಎಂದೆ. ಒಂದು ಸಾಲಿಗಾಗಿ ಅವನ ವಿಮಾನ ಹೊರಟುಬಿಟ್ಟರೆ ನೀವು ನನ್ನನ್ನು ಬೈಯುತ್ತೀರಿ ಎಂದು ಗೊತ್ತು. ಬೈಯಿರಿ. ಆ ಸಾಲು ನನ್ನಲ್ಲಿಲ್ಲ.

ಅವನು ನನಗೆ ಕಾಗದ ಬರೆಯುವುದು ಬೇಡ. ಮನೆಗೆ ಬರುವುದು ಬೇಡ. ನೀವು ಕರೆತರುವುದಂತೂ ಬೇಡವೇ ಬೇಡ. ಆದರೆ ಅವನು ಇಲ್ಲೇ ಉಳಿದರೆ ಒಂದಲ್ಲ ಒಂದು ಶನಿವಾರ ಎಲ್ ಕಮಿನೊ ರಸ್ತೆಯ ಯಾವುದಾದರೂ ಇಂಡಿಯನ್ ಗ್ರೋಸರಿಯಲ್ಲಿ, ಕೊತ್ತಂಬರಿ ಸೊಪ್ಪಿನ ಮುಂದೆ, ನನ್ನ ಎದುರಿಗೇ ಬಂದು ನಿಲ್ಲುತ್ತಾನೆ. ಆಗ ಏನು ಮಾಡುತ್ತೇನೋ ನನಗೆ ಗೊತ್ತಿಲ್ಲ. ಗಾಡಿ ಅಲ್ಲೇ ಬಿಟ್ಟು ಹೊರಗೆ ಓಡಬಹುದು. ಎಲ್ಲರೆದುರು ಕೂಗಾಡಬಹುದು.

ಎದುರಾಗಲಿ.

ಸ್ನೇಹಲತಾ